ಕ್ಯಾನ್ಸರ್ ಮಾತ್ರೆಯಂತೆ, ಹೌದಾ?

"ಎಂತಾರೂ ವಿಶೇಷ ಇದ್ದನೇ ತಂಗಿ?" ನಮ್ಮ ಅರಬೈಲ್ ಕಡೆ ಮದುವೆಯಾಗಿ ವರ್ಷ ಕಳೆದರೆ ಸಾಕು, ಊಟದ ಪಂಕ್ತಿಯಲ್ಲೇ ಈ ಪ್ರಶ್ನೆ ಬರುತ್ತೆ. ಪಿಸಿಓಎಸ್ ಇರೋರಿಗೆ ಇದರ ಬಿಸಿ ಚೆನ್ನಾಗಿ ಗೊತ್ತು. ನನಗೂ ಗೊತ್ತು, ಮದುವೆಯಾಗಿ ಮೂರು ವರ್ಷ.

ಡಾಕ್ಟರು ನನಗೆ ಲೆಟ್ರೋಜೋಲ್ ಬರೆದುಕೊಟ್ಟರು. ಮೊಬೈಲಲ್ಲಿ ಹುಡುಕಿದರೆ ಮೊದಲು ಕಂಡದ್ದು "ಸ್ತನ ಕ್ಯಾನ್ಸರ್ ಔಷಧ", ಆಮೇಲೆ "ಭಾರತದಲ್ಲಿ ನಿಷೇಧ". ಆಯಿ ಹೆದರಿ ಮಾತ್ರೆಯನ್ನೇ ಎತ್ತಿಟ್ಟಳು. ನಿಮ್ಮ ಮನೆಯಲ್ಲೂ ಹೀಗೇ ಆಗಿರಬಹುದು. ಅದಕ್ಕೇ ಈ ಸಲ ಇದನ್ನೇ ಬರೀತಿದ್ದೇನೆ.

ಕ್ಯಾನ್ಸರ್‌ಗೆ ಕೊಡೋದು ನಿಜ. ಆದರೆ ಅಲ್ಲಿ ದಿನಾ ಒಂದರಂತೆ ವರ್ಷಗಟ್ಟಲೆ. ನಮಗೆ ಮುಟ್ಟಿನ ಶುರುವಿನಲ್ಲಿ ಸಾಮಾನ್ಯವಾಗಿ ಐದೇ ದಿನ. ಮಾತ್ರೆ ಈಸ್ಟ್ರೋಜನ್ ಪ್ರಮಾಣವನ್ನು ಸ್ವಲ್ಪ ಕಾಲ ತಗ್ಗಿಸುತ್ತೆ. ಮೆದುಳು ಅದನ್ನು ಗಮನಿಸಿ ಎಫ್‌ಎಸ್‌ಎಚ್ ಹಾರ್ಮೋನು ಹೆಚ್ಚು ಬರುವಂತೆ ಮಾಡುತ್ತೆ. ಆಗ ಅಂಡಾಶಯದಲ್ಲಿ ಅಂಡ ಬೆಳೆದು ಹೊರಬರುತ್ತೆ.

ನಿಷೇಧವೂ ನಿಜವೇ, ಆದರೆ ಹಳೇ ಕತೆ. ಮಗುವಿಗೆ ತೊಂದರೆಯಾದೀತೆಂಬ ಆತಂಕದಿಂದ 2011ರಲ್ಲಿ ಕೇಂದ್ರ ಸರ್ಕಾರ ಬಂಜೆತನದ ಚಿಕಿತ್ಸೆಗೆ ಇದನ್ನು ಬಳಸಬಾರದು ಎಂದಿತ್ತು. 2017ರಲ್ಲಿ ಆ ನಿಷೇಧ ತೆಗೆದರು. ನಡುವೆ, 2014ರಲ್ಲಿ, ಅಮೆರಿಕದಲ್ಲಿ ಪಿಸಿಓಎಸ್ ಇದ್ದ 750 ಮಹಿಳೆಯರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಐದು ತಿಂಗಳ ಸರದಿಯವರೆಗೆ ಲೆಟ್ರೋಜೋಲ್ ತೆಗೆದುಕೊಂಡವರಲ್ಲಿ ಶೇ. 27.5 ಮಂದಿಗೆ ಮಗುವಾಯಿತು. ಹಳೆಯ ಮಾತ್ರೆ ಕ್ಲೋಮಿಫೀನ್ ತೆಗೆದುಕೊಂಡವರಲ್ಲಿ ಶೇ. 19.1. ಮಕ್ಕಳ ಹುಟ್ಟು ದೋಷಗಳಲ್ಲಿ ಎರಡು ಗುಂಪಿಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲೂ ಪಿಸಿಓಎಸ್‌ನಿಂದ ಅಂಡ ಬಿಡುಗಡೆಯಾಗದವರಿಗೆ ಲೆಟ್ರೋಜೋಲೇ ಮೊದಲ ಆಯ್ಕೆ.

ಆ ಅಂಕಿಯನ್ನು ಇನ್ನೊಂದು ಕಡೆಯಿಂದಲೂ ನೋಡಿ. ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನರಿಗೆ ಅಷ್ಟರಲ್ಲಿ ಮಗುವಾಗಲಿಲ್ಲ. ಹಾಗಾಗಿ ಎರಡು ತಿಂಗಳಲ್ಲಿ ಫಲ ಸಿಗಲಿಲ್ಲ ಅಂತ ನಿಮ್ಮನ್ನು ನೀವೇ ಹಳಿಯಬೇಡಿ. ಮುಂದೆ ಚುಚ್ಚುಮದ್ದು, ಐವಿಎಫ್ ದಾರಿಗಳಿವೆ. ಮೆಟ್‌ಫಾರ್ಮಿನ್ ಇನ್ಸುಲಿನ್ ತೊಂದರೆಗೆ ಸಹಾಯ ಮಾಡುತ್ತೆ, ಆದರೆ ಮಗುವಿಗಾಗಿ ಅದೊಂದನ್ನೇ ನಂಬೋದಾದರೆ ಲೆಟ್ರೋಜೋಲ್‌ನಷ್ಟು ಫಲ ಇಲ್ಲ.

ಕೆಲವು ಮಾತು ನೆನಪಿಡಿ. ಗರ್ಭ ನಿಂತಿಲ್ಲ ಎಂದು ಖಚಿತವಾದ ಮೇಲೇ ಮಾತ್ರೆ ಶುರುಮಾಡಿ. ಗೆಳತಿಯ ಚೀಟಿ ತೋರಿಸಿ ಅಂಗಡಿಯಲ್ಲಿ ಕೊಳ್ಳಬೇಡಿ. ಅಂಡ ಬೆಳೆದಿದೆಯಾ ನೋಡೋಕೆ ಸ್ಕ್ಯಾನಿಂಗ್ ಹೇಳಬಹುದು. ನಮ್ಮೂರಿಂದ ಅದಕ್ಕೆ ಯಲ್ಲಾಪುರ ಇಲ್ಲವೇ ಹುಬ್ಬಳ್ಳಿ ಹಾದಿ ಹಿಡಿಯಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಬಂದಾದರೆ ಆ ದಿನ ತಪ್ಪುತ್ತೆ, ಆಗ ಏನು ಮಾಡಬೇಕು ಅಂತ ಡಾಕ್ಟರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ.

ಮತ್ತೆ, ಗಂಡನ ವೀರ್ಯ ಪರೀಕ್ಷೆ ಆಯ್ತಾ? ನೀವು ತಿಂಗಳುಗಟ್ಟಲೆ ಮಾತ್ರೆ ನುಂಗೋ ಮೊದಲೇ ಅದು ಆಗಬೇಕು. ಸರಳ ಪರೀಕ್ಷೆ, ಅಷ್ಟಕ್ಕೂ ನಾಚಿಕೆ ಯಾಕೆ?