ಅರ್ಜಿ ಈಗ ಯಾರ ಮೇಜಿನ ಮೇಲಿದೆ?

ಪರೀಕ್ಷಾ ಶುಲ್ಕ ಕಟ್ಟುವ ದಿನ ಹತ್ತಿರ ಬಂತೆಂದರೆ ಕಾಲೇಜಿನ ಕಾರಿಡಾರಿನಲ್ಲಿ ಒಂದೇ ವಿಚಾರಣೆ: ‘ನಿಂಗೆ ಸ್ಕಾಲರ್‌ಶಿಪ್ ಬಂತಾ?’ ಬಾರದವರು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಲ್ಲರ ಬಾಯಲ್ಲಿರುವ ಎಸ್‌ಎಸ್‌ಪಿ, ತೆರೆದು ಸ್ಟೇಟಸ್ ನೋಡುತ್ತಾರೆ. ಪೆಂಡಿಂಗ್ ಎಂದಿದ್ದರೆ ಮುಖ ಸಪ್ಪಗಾಗುತ್ತದೆ, ಸ್ಯಾಂಕ್ಷನ್ ಎಂದಿದ್ದರೆ ಅರಳುತ್ತದೆ. ಎರಡೂ ಅವಸರದ್ದೇ. ಹಣ ಯಾವತ್ತು ಕೈಸೇರುತ್ತದೆ ಎಂಬುದನ್ನು ಆ ಸಾಲು ಹೇಳುವುದೇ ಇಲ್ಲ. ಅರ್ಜಿ ಸದ್ಯ ಯಾರ ಮೇಜಿನ ಮೇಲಿದೆ ಎಂದಷ್ಟೇ ತಿಳಿಸುತ್ತದೆ. ಹಾಗೆಂದುಕೊಂಡು ಓದಿದರೆ ಯಾರ ಬಾಗಿಲು ತಟ್ಟಬೇಕೆಂಬುದು ಗೊತ್ತಾಗುತ್ತದೆ, ಅರ್ಧ ಓಡಾಟ ಉಳಿಯುತ್ತದೆ.

ಮೊದಲ ಮೇಜು ಕಾಲೇಜಿನದು. ಅಂಕಪಟ್ಟಿ, ಶುಲ್ಕದ ರಸೀದಿ, ವ್ಯಾಸಂಗ ಪ್ರಮಾಣಪತ್ರಗಳನ್ನು ಇ-ದೃಢೀಕರಣ ಮಾಡುವವರು ಅಲ್ಲಿಯೇ ಇರುತ್ತಾರೆ. ವಿದ್ಯಾರ್ಥಿ ಈ ವರ್ಷ ಇಂಥ ಕೋರ್ಸಿನಲ್ಲಿ ಓದುತ್ತಿದ್ದಾನೆ ಎಂಬ ಮಾಹಿತಿಯೂ ಕಾಲೇಜು ಅಥವಾ ವಿಶ್ವವಿದ್ಯಾಲಯದ ಕಡೆಯಿಂದಲೇ ಹೋಗಬೇಕು. ಈ ಹಂತದಲ್ಲಿ ನಿಂತ ಅರ್ಜಿಗಾಗಿ ಸಮಾಜ ಕಲ್ಯಾಣ ಇಲಾಖೆಯ ಕಚೇರಿಗೆ ಬಸ್ ಹತ್ತುವುದು ದಂಡ. ಸ್ಕಾಲರ್‌ಶಿಪ್ ನೋಡಿಕೊಳ್ಳುವ ಗುಮಾಸ್ತರ ಮುಂದೆ ಎಸ್‌ಎಸ್‌ಪಿ ಐಡಿ ಹಿಡಿದು ನಿಂತರೆ ಸಾಕು.

ಎರಡನೆಯ ಮೇಜು ಇಲಾಖೆಯದು. ಎಸ್‌ಎಸ್‌ಪಿಯಲ್ಲಿ ತುಂಬುವ ಅರ್ಜಿ ಒಂದೇ ಆದರೂ ಅದು ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಹೀಗೆ ಯಾವ ಇಲಾಖೆಗೆ ಹೋಗಬೇಕೆಂಬುದು ವಿದ್ಯಾರ್ಥಿಯ ವರ್ಗದ ಮೇಲೆ ತೀರ್ಮಾನವಾಗುತ್ತದೆ. ಆ ವರ್ಗ ಗೊತ್ತಾಗುವುದು ನಾಡಕಚೇರಿ ಕೊಟ್ಟ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರಿನಿಂದ. ಎಡವುವವರು ಹೆಚ್ಚಾಗಿ ಇಲ್ಲೇ. ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ಆಯಸ್ಸು. ಎಂಟನೇ ಕ್ಲಾಸಿನಲ್ಲಿ ಮಾಡಿಸಿದ್ದು ಡಿಗ್ರಿಯ ಹೊತ್ತಿಗೆ ಮುಗಿದಿರುತ್ತದೆ. ಆಧಾರ್‌ನಲ್ಲಿ ಅಪ್ಪನ ಹೆಸರು ಸೇರಿಸಿ ಬರೆದಿದ್ದು, ಪ್ರಮಾಣಪತ್ರದಲ್ಲಿ ಬರೀ ಇನಿಷಿಯಲ್ ಇದ್ದರೂ ತಕರಾರು. ಇಂಥವನ್ನು ಇಲಾಖೆಯವರು ತಿದ್ದಲಾರರು. ಮರಳಿ ನಾಡಕಚೇರಿಗೋ ಆಧಾರ್ ಕೇಂದ್ರಕ್ಕೋ ಹೋಗಬೇಕು. ಇನ್ನೊಂದು ವಿಷಯ: ಒಂದೇ ಅರ್ಜಿಯಲ್ಲಿ ಎರಡು ಯೋಜನೆಗಳಿರಬಹುದು. ಶುಲ್ಕ ವಿನಾಯಿತಿ ಮಂಜೂರಾಗಿ, ಹಾಸ್ಟೆಲ್ ಸಿಗದವರಿಗೆ ಊಟ-ವಸತಿಗೆಂದು ಕೊಡುವ ವಿದ್ಯಾಸಿರಿ ತಿರಸ್ಕೃತವಾಗಿದ್ದರೆ ಇಡೀ ಅರ್ಜಿ ಬಿದ್ದುಹೋಯಿತೆಂದು ತಿಳಿಯಬೇಕಿಲ್ಲ. ಯೋಜನೆವಾರು ಸಾಲುಗಳನ್ನು ಬೇರೆಬೇರೆಯಾಗಿ ಓದಬೇಕು.

ಮಂಜೂರಾದ ಮೇಲೂ ಕಾಯಬೇಕಾಗುವುದು ಯಾಕೆ? ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನೇ ನೋಡಿ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಇದರ ಲೆಕ್ಕ ಬದಲಿಸಿತು: ಕೇಂದ್ರದ್ದು ಶೇ 60, ರಾಜ್ಯದ್ದು ಶೇ 40. ರಾಜ್ಯ ತನ್ನ ಪಾಲು ಹಾಕಿದೆ ಎಂದು ಖಾತ್ರಿಯಾದ ಮೇಲೆ ಕೇಂದ್ರ ತನ್ನ ಪಾಲನ್ನು ನೇರವಾಗಿ ವಿದ್ಯಾರ್ಥಿಯ ಖಾತೆಗೆ ಕಳಿಸುತ್ತದೆ. ಹೀಗಾಗಿ ‘ಅರ್ಧಕ್ಕಿಂತ ಕಮ್ಮಿ ಬಂದಿದೆ, ಮಿಕ್ಕಿದ್ದನ್ನು ಯಾರು ನುಂಗಿದರು?’ ಎಂದು ಗಾಬರಿಯಾಗುವ ಮುಂಚೆ ಎರಡನೇ ಕಂತು ಬಾಕಿಯಿದೆಯೇ ಎಂದು ನೋಡುವುದು ಒಳ್ಳೆಯದು.

ಕೊನೆಯ ಮೇಜು ಬ್ಯಾಂಕಿನದು. ಅರ್ಜಿಯಲ್ಲಿ ಖಾತೆ ನಂಬರ್ ಬರೆದುಕೊಟ್ಟರೂ ಸರ್ಕಾರದ ಹಣ ಆ ನಂಬರ್ ಹಿಡಿದು ಬರುವುದಿಲ್ಲ. ಆಧಾರ್ ನಂಬರ್ ಹಿಡಿದು ಬರುತ್ತದೆ. ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ, ಒಂದು ದೊಡ್ಡ ಪಟ್ಟಿ ಇಟ್ಟುಕೊಂಡಿದೆ. ಇಂಥ ಆಧಾರ್‌ಗೆ ಇಂಥ ಬ್ಯಾಂಕ್, ಅಷ್ಟೇ ಅದರಲ್ಲಿರುವುದು. ಖಾತೆ ತೆರೆಯುವಾಗ ಆಧಾರ್ ಜೆರಾಕ್ಸ್ ಕೊಟ್ಟಿದ್ದು ಕೆವೈಸಿಗೆ ಆಯಿತು. ಆ ಪಟ್ಟಿಗೆ ಹೆಸರು ಸೇರಬೇಕಾದರೆ ಸಹಾಯಧನ ಈ ಖಾತೆಗೇ ಬರಲಿ ಎಂಬ ಒಪ್ಪಿಗೆ ಪತ್ರ ಬೇರೆ ಕೊಡಬೇಕು. ಅದಕ್ಕೇ ಸೀಡಿಂಗ್ ಎನ್ನುವುದು. ‘ಲಿಂಕ್ ಆಗಿದೆ ಸಾರ್’ ಎಂದು ಕೌಂಟರಿನವರು ಹೇಳಿದಾಗ ಯಾವುದು ಆಗಿದೆ ಎಂದು ಕೇಳಿಕೊಳ್ಳಬೇಕು.

ಒಂದು ಆಧಾರ್‌ಗೆ ಒಂದು ಸಲಕ್ಕೆ ಒಂದೇ ಬ್ಯಾಂಕ್. ಕೊನೆಗೆ ಯಾರು ಕೇಳಿಕೊಂಡರೋ ಅವರದ್ದೇ ಊರ್ಜಿತ. ಹೈಸ್ಕೂಲಿನಲ್ಲಿರುವಾಗ ಊರಿನ ಗ್ರಾಮೀಣ ಬ್ಯಾಂಕಿನಲ್ಲಿ ಖಾತೆ ತೆರೆದ ಹುಡುಗಿ ಧಾರವಾಡಕ್ಕೆ ಡಿಗ್ರಿ ಓದಲು ಬಂದಳು ಎನ್ನಿ. ಫೋನ್‌ಪೇಗೆ ಬೇಕೆಂದು ಮೊಬೈಲಿನಲ್ಲೇ ಹೊಸ ಖಾತೆ ತೆರೆದಳು. ಸಹಾಯಧನ ಇಲ್ಲಿಗೇ ಬರಲಿ ಎಂಬ ಚೌಕಕ್ಕೆ ಓದದೆ ಟಿಕ್ ಹಾಕಿದಳು. ಸ್ಟೇಟಸ್ಸಿನಲ್ಲಿ ಹಣ ಪಾವತಿಯಾಗಿದೆ ಎಂದಿದೆ. ಊರಲ್ಲಿ ಅಪ್ಪ ಹಳೆಯ ಪಾಸ್‌ಬುಕ್ ಎಂಟ್ರಿ ಮಾಡಿಸಿದ್ದೇ ಮಾಡಿಸಿದ್ದು, ಬಿಡಿಗಾಸಿಲ್ಲ. ಹಣ ಹೊಸ ಖಾತೆಯಲ್ಲಿ ಸುಮ್ಮನೆ ಕೂತಿರುತ್ತದೆ.

ಇದನ್ನು ಮನೆಯಲ್ಲೇ ಕೂತು ಪತ್ತೆ ಮಾಡಬಹುದು. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ತೆರೆದರೆ ಬ್ಯಾಂಕಿನ ಹೆಸರು, ಅದು ಚಾಲ್ತಿಯಲ್ಲಿದೆಯೇ ಎಂಬುದು ಕಾಣುತ್ತದೆ. ರಾಜ್ಯದ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ಯೋಜನೆಯ ಎಷ್ಟು ಹಣ ಬಂದಿದೆ ಎಂಬುದೂ ಸಿಗುತ್ತದೆ. ಎರಡಕ್ಕೂ ಒಟಿಪಿ ಬೇಕು, ಅದು ಬರುವುದು ಆಧಾರ್‌ಗೆ ಕೊಟ್ಟ ಮೊಬೈಲಿಗೆ. ಎಷ್ಟೋ ಮನೆಗಳಲ್ಲಿ ಅದು ಅಪ್ಪ ಯಾವಾಗಲೋ ಕಳೆದುಕೊಂಡ ಸಿಮ್. ಹಾಗೆಯೇ ಅರ್ಜಿ ತುಂಬಿದ ಸೈಬರಿನವರು ಕೆಲವೊಮ್ಮೆ ತಮ್ಮದೇ ನಂಬರ್ ಹಾಕಿಬಿಟ್ಟಿರುತ್ತಾರೆ. ಸಂದೇಶಗಳೆಲ್ಲ ಅವರಿಗೇ ಹೋಗುತ್ತಿರುತ್ತವೆ.

ಪಾವತಿ ವಿಫಲ ಎಂದಿದ್ದರೆ ಹಣ ಮುಳುಗಿತೆಂದಲ್ಲ. ಸೀಡಿಂಗ್ ಇಲ್ಲದ್ದು, ಖಾತೆ ಮುಚ್ಚಿದ್ದು ಸಾಮಾನ್ಯ ಕಾರಣಗಳು. ಸಣ್ಣ ಖಾತೆಯ ಮಿತಿ ದಾಟಿದ್ದೂ ಇರಬಹುದು. ಪೂರ್ತಿ ಕೆವೈಸಿ ಇಲ್ಲದ ಇಂಥ ಖಾತೆಯಲ್ಲಿ 50,000 ರೂಪಾಯಿಗಿಂತ ಹೆಚ್ಚು ಇಡುವಂತಿಲ್ಲ. ಬ್ಯಾಂಕಿನಲ್ಲಿ ಸರಿಪಡಿಸಿಕೊಂಡರೆ ಕೆಲಸ ಅರ್ಧ ಮುಗಿಯಿತು. ಹಣವನ್ನು ಮತ್ತೆ ಕಳಿಸಬೇಕಾದದ್ದು ಇಲಾಖೆ, ಆದ್ದರಿಂದ ಅಲ್ಲಿಗೂ ತಿಳಿಸಬೇಕು. ‘ಎರಡು ವರ್ಷ ವ್ಯವಹಾರ ನಡೆಸಿಲ್ಲ, ಖಾತೆ ನಿಷ್ಕ್ರಿಯ’ ಎಂದು ಬ್ಯಾಂಕಿನವರು ಹೇಳಿದರೆ ಒಂದು ಮಾತು ನೆನಪಿರಲಿ: ವಿದ್ಯಾರ್ಥಿವೇತನಕ್ಕೆಂದೇ ತೆರೆದ ಶೂನ್ಯ ಶಿಲ್ಕಿನ ಖಾತೆಗಳನ್ನು ಹಾಗೆ ನಿಷ್ಕ್ರಿಯ ಎಂದು ವರ್ಗೀಕರಿಸಬಾರದೆಂದು ರಿಸರ್ವ್ ಬ್ಯಾಂಕ್ ಹೇಳಿದೆ, 2024ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ.

ಇಷ್ಟೆಲ್ಲವನ್ನು ಹದಿನೆಂಟರ ಹುಡುಗ-ಹುಡುಗಿಯರೇ ಅರ್ಥ ಮಾಡಿಕೊಳ್ಳಲಿ ಎಂದು ಬಿಟ್ಟಿರುವುದು ನ್ಯಾಯವಲ್ಲ. ಅರ್ಜಿ ಯಾವ ಕಚೇರಿಯಲ್ಲಿದೆ, ಎಷ್ಟು ದಿನದಿಂದ ಇದೆ, ಅಲ್ಲಿ ಹೊಣೆ ಯಾರದು ಎಂಬ ಮೂರು ಮಾತನ್ನು ಪೋರ್ಟಲ್‌ನಲ್ಲಿ ಕನ್ನಡದಲ್ಲಿ ಸ್ಪಷ್ಟವಾಗಿ ತೋರಿಸಿದರೆ ಬೇಕಾದಷ್ಟಾಯಿತು. ಆರ್‌ಡಿ ನಂಬರ್ ಹಾಕಿದ ಕೂಡಲೇ ಪ್ರಮಾಣಪತ್ರದ ವಿವರ ತೆಗೆದುಕೊಡುವ ವ್ಯವಸ್ಥೆಗೆ ಇದು ಕಷ್ಟದ ಕೆಲಸವೇನಲ್ಲ.

ಅಲ್ಲಿಯವರೆಗೆ ವಿದ್ಯಾರ್ಥಿಗಳು ಮಾಡಬಹುದಾದದ್ದು ಒಂದಿದೆ. ಸ್ಟೇಟಸ್ ನೋಡಿದಾಗಲೆಲ್ಲ ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ದೂರು ಬರೆಯುವಾಗ ‘ಸ್ಕಾಲರ್‌ಶಿಪ್ ಬಂದಿಲ್ಲ’ ಎನ್ನಬೇಡಿ. ಇಂಥ ದಿನದಿಂದ ಅರ್ಜಿ ಇಲಾಖೆಯ ತಾಲ್ಲೂಕು ಕಚೇರಿಯ ಹಂತದಲ್ಲೇ ನಿಂತಿದೆ, ಆರ್‌ಡಿ ನಂಬರ್ ಚಾಲ್ತಿಯಲ್ಲಿದೆ, ಸೀಡಿಂಗ್ ಆಗಿದೆ ಎಂದು ಬರೆದು ಆ ಚಿತ್ರಗಳನ್ನು ಲಗತ್ತಿಸಿ. ‘ಬ್ಯಾಂಕಿನಲ್ಲಿ ವಿಚಾರಿಸಿ’ ಎಂದು ಸಾಗಹಾಕಲು ಆಗ ಯಾರಿಗೂ ಸುಲಭವಾಗುವುದಿಲ್ಲ.