ಹುತ್ತದ ಅಣಬೆ, ಡಬ್ಬಿಯ ಅಣಬೆ

ಮುಂಗಾರು ಹಿಡಿದು ಕಾವೇರಿ ತುಂಬಿದಾಗ ಶಿವನಸಮುದ್ರಕ್ಕೆ ಹೋಗುವ ಪಟ್ಟಣಿಗರ ಕಣ್ಣೆಲ್ಲ ಗಗನಚುಕ್ಕಿಯ ಮೇಲೆ. ಅದೇ ಮಳೆಗೆ ಸುತ್ತಣ ಹೊಲಗಳ ಬದುವಿನಲ್ಲಿ, ಹುತ್ತಗಳ ಮಗ್ಗುಲಲ್ಲಿ ಅಣಬೆ ತಲೆಯೆತ್ತುತ್ತದೆ. ಗೆದ್ದಲುಗಳು ಎಲೆ ಕಟ್ಟಿಗೆಗಳ ಚೂರನ್ನು ಹೊತ್ತು ತಂದು ಹುತ್ತದೊಳಗೆ ಈ ಶಿಲೀಂಧ್ರವನ್ನು ಬೇಸಾಯಮಾಡಿ ಉಣ್ಣುತ್ತವೆ. ಮಳೆಯಾದೊಡನೆ ಅದರ ಕೊಡೆ ಹೊರಕ್ಕೆ ಅರಳುತ್ತದೆ. ಬಲ್ಲ ಹಳ್ಳಿಯ ಹೆಂಗಸರು ಗುರುತು ಸಿಕ್ಕಿದುದನ್ನು ಮಾತ್ರ ಕಿತ್ತು ಮಡಿಲಿಗೆ ಹಾಕಿಕೊಳ್ಳುತ್ತಾರೆ. ಅನುಮಾನ ಬಂದುದನ್ನು ಬಿಟ್ಟು ಮುಂದೆ ನಡೆಯುತ್ತಾರೆ.

ಪಟ್ಟಣದ ಮನೆಗೆ ಬರುವ ಅಣಬೆಯ ವೇಷವೇ ಬೇರೆ. ಶಿಟಾಕೆ, ರೇಶಿ ಎಂಬ ದೂರದೇಶದ ಹೆಸರು ಹೊತ್ತ ಪುಡಿ ಮಾತ್ರೆಗಳು, ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುವ ಭರವಸೆಯೊಡನೆ ಡಬ್ಬಿಗಳಲ್ಲಿ ಬರುತ್ತವೆ. ಮನೆಯಲ್ಲಿ ಕಾಯಿಲೆಯವರಿದ್ದರೆ ಆ ಭರವಸೆಗೆ ಮನಸ್ಸು ಸೋಲುವುದು ಸಹಜ. ಅದರಲ್ಲಿ ಹುರುಳೆಷ್ಟು?

ಹುರುಳಿಲ್ಲದೆ ಇಲ್ಲ. ಅಣಬೆಯ ಜೀವಕೋಶದ ಗೋಡೆಯಲ್ಲಿ ಬೀಟಾ ಗ್ಲೂಕಾನ್ ಎಂಬ, ಸಕ್ಕರೆಯ ಕಣಗಳನ್ನು ಸರಪಣಿಯಂತೆ ಪೋಣಿಸಿದ ವಸ್ತುವುಂಟು. ದೇಹವನ್ನು ಹೊಕ್ಕು ಪೀಡಿಸುವ ಹಲವು ಬೂಷ್ಟುಗಳಲ್ಲಿಯೂ ಅದೇ ವಸ್ತುವಿರುವುದರಿಂದ, ಬಿಳಿಯ ರಕ್ತಕಣಗಳಲ್ಲಿ ಕೆಲವು ಅದನ್ನು ಕಂಡೊಡನೆ ಎಚ್ಚರಗೊಳ್ಳುತ್ತವೆ. ಜಪಾನಿನಲ್ಲಿ ಶಿಟಾಕೆಯಿಂದ ಬೇರ್ಪಡಿಸಿದ ಲೆಂಟಿನಾನ್ 1985ರಲ್ಲಿ ಜಠರದ ಕ್ಯಾನ್ಸರಿನ ಚಿಕಿತ್ಸೆಗೆ ಅನುಮತಿಯನ್ನೂ ಪಡೆಯಿತು. ಆದರೆ ಅದು ಶುದ್ಧಗೊಳಿಸಿದ ಚುಚ್ಚುಮದ್ದು. ವೈದ್ಯರು ಕ್ಯಾನ್ಸರಿನ ಇತರ ಔಷಧಗಳ ಜೊತೆಗೆ ಕೊಟ್ಟುದು. ಹಾಲಿಗೆ ಕಲಸಿ ಕುಡಿಯುವ ಪುಡಿಗೆ ಆ ಕೀರ್ತಿ ಸಲ್ಲದು. ಪುಡಿಯಿಂದ ಕ್ಯಾನ್ಸರ್ ಗುಣವಾಗುವುದೆಂದು ಮನುಷ್ಯರ ಮೇಲಿನ ಪರೀಕ್ಷೆಗಳು ಸ್ಥಾಪಿಸಿಲ್ಲ. ಅದನ್ನು ನಂಬಿ ಆಸ್ಪತ್ರೆಯ ಚಿಕಿತ್ಸೆಯನ್ನು ಮುಂದೂಡಿದರೆ ಕಳೆದ ದಿನಗಳು ಮರಳಿ ಬಾರವು.

ನಿರೋಧಕ ಶಕ್ತಿ ಹೆಚ್ಚಿದಷ್ಟೂ ಒಳಿತೆಂಬ ಎಣಿಕೆಯೂ ತಪ್ಪು. ಕೆಲವು ಬಗೆಯ ಸಂಧಿವಾತದಲ್ಲಿ ಆ ಶಕ್ತಿಯೇ ದಾರಿತಪ್ಪಿ ಸ್ವಂತ ದೇಹವನ್ನು ನೋಯಿಸುತ್ತದೆ. ಬೇರೊಬ್ಬರ ಮೂತ್ರಪಿಂಡ ಪಡೆದವರಲ್ಲಿ ಅದನ್ನು ಬೇಕೆಂದೇ ತಗ್ಗಿಸಬೇಕಾಗುತ್ತದೆ. ಅದಕ್ಕೆಂದು ಬಳಕೆಗೆ ಬಂದ ಸೈಕ್ಲೊಸ್ಪೊರಿನ್ ದೊರೆತುದೂ ಒಂದು ಶಿಲೀಂಧ್ರದಿಂದಲೇ! ಇಂಥವರು ವೈದ್ಯರನ್ನು ಕೇಳದೆ ಡಬ್ಬಿಯ ಮುಚ್ಚಳ ತೆಗೆಯಲಾಗದು.

ಹಾಗೆಂದು ಅಣಬೆಯನ್ನು ಅಡಿಗೆಮನೆಯಿಂದ ಹೊರಗಿಡಬೇಕಾಗಿಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಜಕಿಯಾ ಬಾನೊ ಮತ್ತು ಶ್ರೀವಾಸ್ತವ ಅವರು ಭತ್ತದ ಹುಲ್ಲಿನ ಮೇಲೆ ಚಿಪ್ಪು ಅಣಬೆ ಬೆಳೆದು, 1962ರಲ್ಲಿ ಆ ವಿಧಾನವನ್ನು ಪ್ರಕಟಿಸಿದರು. ಭತ್ತದ ಹುಲ್ಲಿಗೆ ಬಡತನವಿಲ್ಲದ ಮಂಡ್ಯದ ಸೀಮೆಗೆ ಇದು ಒಪ್ಪುವ ವಿದ್ಯೆ. ಅಣಬೆಯಲ್ಲಿ ಪ್ರೋಟೀನು, ನಾರು, ಬಿ ಗುಂಪಿನ ವಿಟಮಿನ್ನುಗಳುಂಟು. ಹೆಚ್ಚಿ ಕೆಲವು ಹೊತ್ತು ಬಿಸಿಲಿಗೆ ಹರವಿದರೆ ಡಿ ವಿಟಮಿನ್ನೂ ಕೂಡುತ್ತದೆ. ಚೆನ್ನಾಗಿ ಬೇಯಿಸಿ ಉಂಡರೆ ಅದು ಒಳ್ಳೆಯ ಆಹಾರ. ಅಷ್ಟು ಸಾಲದೆ?

ಬೇಲಿಯ ಬದಿಯಲ್ಲಿ ಕಂಡುದನ್ನು ಮಾತ್ರ ತರಬಾರದು. ಕೆಲವು ಅಣಬೆಗಳ ವಿಷ ಬೇಯಿಸಿದರೂ ಹೋಗದು. ಉಂಡ ಹಲವು ಗಂಟೆಗಳ ತರುವಾಯ ತಲೆದೋರಿ ಯಕೃತ್ತನ್ನೇ ಕೆಡಿಸುತ್ತದೆ. ಹುತ್ತದ ಬಳಿ ನಿಂತ ಆ ಹೆಂಗಸಿನ ನಿಯಮ ಔಷಧದಂಗಡಿಯಲ್ಲಿಯೂ ಸಲ್ಲುವಂಥದು: ಗುರುತು ತಿಳಿಯದುದನ್ನು ಮಡಿಲಿಗೆ ಹಾಕಿಕೊಳ್ಳಬಾರದು.