ತೊಟ್ಟಿಯ ಪಾಚಿಗೆ ಊಟ ಬಡಿಸುವವರು ಯಾರು?

ಉಪ್ಪುನೀರಿನ ಅಕ್ವೇರಿಯಂ ಮನೆಗೆ ಬಂದ ಮೊದಲ ತಿಂಗಳು ಹಬ್ಬದಂತೆ. ಕಿತ್ತಳೆ ಮೈಯ ಮೇಲೆ ಬಿಳಿ ಪಟ್ಟಿಗಳಿರುವ ಕ್ಲೌನ್ ಮೀನನ್ನು ತೋರಿಸಲು ಮಕ್ಕಳು ಬೀದಿಯ ಗೆಳೆಯರನ್ನೆಲ್ಲ ಕರೆತರುತ್ತಾರೆ. ಎರಡನೆಯ ತಿಂಗಳಿಗೆ ಗಾಜಿನ ಮೇಲೆ ಕಂದು ಪುಡಿ. ಮೂರನೆಯ ತಿಂಗಳಿಗೆ ಕಲ್ಲಿನ ಮೇಲೆಲ್ಲ ಹಸಿರು ಕೂದಲು. 'ಯಾರಿಗಾದರೂ ಕೊಟ್ಟುಬಿಡಿ' ಎಂದು ಅಮ್ಮ, 'ಔಷಧಿ ಹಾಕಿದರೆ ಹೋಗುತ್ತದಂತೆ' ಎಂದು ಅಪ್ಪ.

ಔಷಧಿಯ ಮಾತನ್ನು ಮೊದಲೇ ಮುಗಿಸಿಬಿಡುವುದು ಒಳ್ಳೆಯದು. ಪಾಚಿನಾಶಕಗಳಲ್ಲಿ ಹಲವು ತಾಮ್ರದ ಲವಣಗಳಿಂದ ತಯಾರಾದವು. ಮೀನು ತಡೆದುಕೊಳ್ಳುವಷ್ಟು ತಾಮ್ರ ಸಿಗಡಿ, ಬಸವನಹುಳು, ಹವಳಗಳಿಗೆ ವಿಷವಾಗುತ್ತದೆ. ಪಾಚಿ ಸತ್ತಿತು ಎಂದೇ ಇಟ್ಟುಕೊಂಡರೂ ಅದು ನೀರಿನಲ್ಲೇ ಕೊಳೆತು ಮುಂದಿನ ಪಾಚಿಗೆ ಗೊಬ್ಬರವಾಗುತ್ತದೆ. ರೋಗವನ್ನು ಬಿಟ್ಟು ಜ್ವರಕ್ಕೆ ಮಾತ್ರೆ ಕೊಟ್ಟ ಹಾಗೆ.

ಪಾಚಿಯ ಬಣ್ಣ ನೋಡಿಯೇ ಅರ್ಧ ಕಾರಣ ಊಹಿಸಬಹುದು. ಹೊಸ ತೊಟ್ಟಿಯ ಕಂದು ಪುಡಿ ಡಯಾಟಮ್ ಎಂಬ ಏಕಕೋಶ ಜೀವಿಗಳದ್ದು. ಇವುಗಳ ಕವಚ ಸಿಲಿಕಾದಿಂದ ಆದದ್ದು, ಒಂದು ರೀತಿಯಲ್ಲಿ ಗಾಜಿನದೇ. ನೀರಿನಲ್ಲಿದ್ದ ಸಿಲಿಕೇಟ್ ಮುಗಿಯುತ್ತ ಬಂದಂತೆ ಕೆಲವು ವಾರಗಳಲ್ಲಿ ತಾವಾಗಿಯೇ ಕಡಿಮೆಯಾಗುತ್ತವೆ. ಮರಳಿನ ಮೇಲೆ ಕೆಂಪು-ನೇರಳೆ ಲೋಳೆ ಹರಡಿ, ಎಳೆದರೆ ಹಾಳೆಯಂತೆ ಎದ್ದು ಬಂದರೆ ಅದು ನಿಜವಾದ ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ. ನೀರು ಓಡಾಡದೆ ಕಸ ನಿಲ್ಲುವ ಮೂಲೆ ಅದಕ್ಕೆ ಇಷ್ಟ. ಕಸವನ್ನು ಕೊಳವೆಯಿಂದ ಹೀರಿ ತೆಗೆದು, ಪಂಪಿನ ಮುಖವನ್ನು ಆ ಕಡೆ ತಿರುಗಿಸಿದರೆ ಎಷ್ಟೋ ಸಲ ಅಷ್ಟೇ ಸಾಕು. ನಿಜವಾದ ತಲೆನೋವು ಹಸಿರು ಕೂದಲಿನಂಥ ಪಾಚಿಯದು.

ಈ ಪಾಚಿಗೆ ಬೇಕಾದದ್ದು ಬೆಳಕು, ಇಂಗಾಲ, ಸಾರಜನಕ ಮತ್ತು ರಂಜಕ. ಮೊದಲೆರಡು ಹೇಗೂ ಇದ್ದೇ ಇರುತ್ತವೆ. ಉಳಿದೆರಡು ಬಹುಪಾಲು ಬರುವುದು ಮೀನಿನ ಆಹಾರದ ಡಬ್ಬಿಯಿಂದ! ಹೈಸ್ಕೂಲು ವಿದ್ಯಾರ್ಥಿಗಳು ಇದನ್ನು ಲೆಕ್ಕ ಹಾಕಿ ನೋಡಬಹುದು. 100 ಲೀಟರಿನ ತೊಟ್ಟಿಗೆ ದಿನಕ್ಕೆ 1 ಗ್ರಾಂ ಒಣ ಆಹಾರ. ಅದರಲ್ಲಿ ಶೇಕಡಾ 1ರಷ್ಟು ರಂಜಕ ಎಂದು ಹಿಡಿದರೆ 10 ಮಿಲಿಗ್ರಾಂ. ರಂಜಕದ ಪರಮಾಣು ತೂಕ 31, ಫಾಸ್ಫೇಟಿನದು ಒಟ್ಟು 95. ಆದ್ದರಿಂದ 10 ಮಿಲಿಗ್ರಾಂ ರಂಜಕ ಸುಮಾರು 30 ಮಿಲಿಗ್ರಾಂ ಫಾಸ್ಫೇಟ್ ಆಗುತ್ತದೆ. 100 ಲೀಟರಿಗೆ ಹಂಚಿದರೆ ಲೀಟರಿಗೆ 0.3 ಮಿಲಿಗ್ರಾಂ. ಹವಳದ ದಿಬ್ಬಗಳ ಸುತ್ತಲಿನ ಕಡಲ ನೀರಿನಲ್ಲಿ ಇರುವುದು ಸಾಮಾನ್ಯವಾಗಿ 0.05 ಮಿಲಿಗ್ರಾಮಿಗಿಂತಲೂ ಕಡಿಮೆ. ಅಂದರೆ ಒಂದೇ ದಿನದ ಊಟ ಕಡಲಿನ ಆರು ಪಟ್ಟು. ಮೀನು ತನ್ನ ಮೈಗೆ ಸ್ವಲ್ಪ ಸೇರಿಸಿಕೊಳ್ಳುತ್ತದೆ ನಿಜ, ಮಿಕ್ಕಿದ್ದೆಲ್ಲ ತೊಟ್ಟಿಯಲ್ಲೇ ಉಳಿಯುತ್ತದೆ. ಶಾಲೆಗೆ ಹೋಗುವ ಮುನ್ನ ಮಗಳು ಒಂದು ಚಿಟಿಕೆ, ಪೂಜೆ ಮುಗಿಸಿ ಅಜ್ಜಿ ಒಂದು ಚಿಟಿಕೆ, ರಾತ್ರಿ ಅಪ್ಪ ಇನ್ನೊಂದು ಚಿಟಿಕೆ ಹಾಕುವ ಮನೆಯಲ್ಲಿ ಪಾಚಿಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಇಲ್ಲೊಂದು ಒಗಟು ಹುಟ್ಟುತ್ತದೆ. ಪರೀಕ್ಷೆಯ ಕಿಟ್ ತಂದು ನೋಡಿದರೆ ಫಾಸ್ಫೇಟ್ ಸೊನ್ನೆ, ನೈಟ್ರೇಟೂ ಹೆಚ್ಚೇನಿಲ್ಲ. ಕಿಟ್ ಸುಳ್ಳು ಹೇಳುತ್ತಿದೆಯೆ? ಇಲ್ಲ. ಅದು ಅಳೆಯುವುದು ನೀರಿನಲ್ಲಿ ಉಳಿದದ್ದನ್ನು ಮಾತ್ರ, ಪಾಚಿ ಆಗಲೇ ತಿಂದದ್ದನ್ನಲ್ಲ. ಖಾಲಿ ತಟ್ಟೆ ನೋಡಿ ಮನೆಯಲ್ಲಿ ಅಡುಗೆಯೇ ಆಗಿಲ್ಲ ಎನ್ನಲಾದೀತೆ? ಕಲ್ಲು ದಟ್ಟ ಹಸಿರಾಗಿದ್ದೂ ಅಂಕಿ ಸೊನ್ನೆ ಬಂದರೆ, ಒಳಗೆ ಬರುತ್ತಿರುವುದನ್ನು ಪಾಚಿ ಅಂದಂದೇ ಮುಗಿಸುತ್ತಿದೆ ಎಂದು ತಿಳಿಯಬೇಕು.

ಎರಡನೆಯ ಅನುಮಾನ ನೀರಿನ ಮೇಲೆ. ನಮ್ಮ ದೇಶದ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂವರೆಗೆ ನೈಟ್ರೇಟ್ ಇರಬಹುದು. ಮನುಷ್ಯರಿಗೆ ಯೋಗ್ಯವಾದ ಈ ನೀರು ತೊಟ್ಟಿಯ ಪಾಚಿಗೆ ಗೊಬ್ಬರದ ದ್ರಾವಣ. ತೊಟ್ಟಿಯಿಂದ ಆವಿಯಾಗುವುದು ಬರೀ ನೀರು. ಕರಗಿದ್ದೆಲ್ಲ ಒಳಗೇ ಇರುತ್ತದೆ. ಆ ಕೊರತೆಯನ್ನು ಬೋರ್‌ವೆಲ್ ನೀರಿನಿಂದ ತುಂಬಿದಷ್ಟೂ ಹೊಸ ಲವಣಗಳು ಸೇರುತ್ತಲೇ ಹೋಗುತ್ತವೆ. ಆರ್.ಓ. ನೀರು ಉತ್ತಮ. ಆದರೆ ಅಡುಗೆಮನೆಯ ಹಲವು ಆರ್.ಓ. ಯಂತ್ರಗಳು ರುಚಿಗಾಗಿ ಸ್ವಲ್ಪ ಹಸಿ ನೀರನ್ನೇ ಮತ್ತೆ ಬೆರೆಸುತ್ತವೆ. ಟಿ.ಡಿ.ಎಸ್. ಮೀಟರಿನಿಂದ ಒಮ್ಮೆ ಅಳೆದರೆ ಗುಟ್ಟು ಬಯಲಾಗುತ್ತದೆ.

ಭಾನುವಾರ ಎಲ್ಲವನ್ನೂ ತೆಗೆದು ನಲ್ಲಿಯ ಕೆಳಗೆ ಉಜ್ಜಿ ತೊಳೆಯುವ ಉತ್ಸಾಹ ಮಾತ್ರ ಬೇಡವೇ ಬೇಡ. ಮೀನಿನ ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಅದನ್ನು ನೈಟ್ರೇಟ್ ಆಗಿಯೂ ಬದಲಿಸುವ ಬ್ಯಾಕ್ಟೀರಿಯಾಗಳು ಆ ಕಲ್ಲಿನಲ್ಲೇ ವಾಸಿಸುತ್ತವೆ. ನಲ್ಲಿ ನೀರಿನ ಕ್ಲೋರಿನ್‌ನಿಂದ ಅವು ಸತ್ತರೆ ಅಮೋನಿಯಾ ಏರುತ್ತದೆ. ಬುಧವಾರದ ಹೊತ್ತಿಗೆ, ಪಾಪ, ಮೀನುಗಳೇ ಇರಲಾರವು. ಪಾಚಿಯಿಂದ ಮೀನು ಸತ್ತದ್ದಕ್ಕಿಂತ ಹೀಗೆ ಪಾಚಿಯ ಮೇಲಿನ ಸಿಟ್ಟಿನಿಂದ ಸತ್ತದ್ದೇ ಹೆಚ್ಚಿರಬೇಕು.

ಕೈಯಿಂದ ಕಿತ್ತು ಹೊರಗೆ ತೆಗೆಯುವುದೇ ನಿಜವಾದ ತೆಗೆಯುವಿಕೆ. ಪಾಚಿ ತಿನ್ನುವ ಬಸವನಹುಳು ಒಳ್ಳೆಯ ಕೆಲಸಗಾರ, ಆದರೆ ತಿಂದದ್ದನ್ನು ಹಿಕ್ಕೆಯಾಗಿ ಅಲ್ಲೇ ಬಿಡುತ್ತದೆ. ಇದನ್ನೇ ಅರಿತು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಅಡೇ 1980ರ ದಶಕದಲ್ಲಿ ಪಾಚಿಯನ್ನೇ ಕೆಲಸಕ್ಕೆ ಹಚ್ಚಿದರು. ಹವಳದ ತೊಟ್ಟಿಯ ನೀರನ್ನು ಪಕ್ಕದ ಜಾಲರಿಯೊಂದರ ಮೇಲೆ ಹರಿಸಿ, ಅಲ್ಲಿ ಪ್ರಖರ ಬೆಳಕಿನಲ್ಲಿ ಪಾಚಿ ಬೆಳೆಸಿ, ಆಗಾಗ ಕೆರೆದು ಎಸೆಯುವ ವಿಧಾನವದು. ಇಂದು ಹವ್ಯಾಸಿಗಳೂ ಇದನ್ನು ಅನುಸರಿಸುತ್ತಾರೆ. ಪಾಚಿ ಬೇಡವಾದಲ್ಲಿ ಬೆಳೆಯದಿರಲು, ಬೇಕಾದಲ್ಲಿ ಬೆಳೆಸುವುದು!

ಬೆಳಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿನಕ್ಕೆ ಎಂಟು ಗಂಟೆ ಸಾಕು, ಕಿಟಕಿಯ ಬಿಸಿಲು ಬೀಳದಿರಲಿ. ಆಹಾರ ಕಡಿಮೆ ಮಾಡಿದ ಮೇಲೂ ಫಲ ಕಾಣಲು ವಾರಗಳೇ ಹಿಡಿಯುತ್ತವೆ. ಕಲ್ಲು, ಮರಳು ಹಿಡಿದಿಟ್ಟುಕೊಂಡ ಫಾಸ್ಫೇಟ್ ನಿಧಾನವಾಗಿ ಹೊರಬರುತ್ತಿರುತ್ತದೆ.

ಕಿತ್ತ ಪಾಚಿಯನ್ನು ಒಣಗಿಸಿ ಕಸಕ್ಕೆ ಹಾಕಬೇಕು. ಮಂಗಳೂರು, ಕಾರವಾರದಂಥ ಊರುಗಳಲ್ಲಿ ಅದನ್ನು ಚರಂಡಿಗೋ ಕಡಲಿಗೋ ಎಸೆಯಬಾರದು. ಅಕ್ವೇರಿಯಂಗಳಲ್ಲಿ ಅಂದಕ್ಕೆ ಬೆಳೆಸುತ್ತಿದ್ದ ಕಾಲರ್ಪಾ ಟ್ಯಾಕ್ಸಿಫೋಲಿಯಾ ಎಂಬ ಪಾಚಿ 1984ರಲ್ಲಿ ಮೊನಾಕೊ ತೀರದ ಕಡಲಲ್ಲಿ ಮೊದಲು ಕಂಡಾಗ ಒಂದು ಚದರ ಮೀಟರಿನಷ್ಟಿತ್ತು. ಮುಂದೆ ಅದು ಮೆಡಿಟರೇನಿಯನ್ ತೀರದ ಹಲವು ದೇಶಗಳಿಗೆ ಹಬ್ಬಿತು. 2000ದಲ್ಲಿ ಕ್ಯಾಲಿಫೋರ್ನಿಯಾದಲ್ಲಿಯೂ ಕಾಣಿಸಿಕೊಂಡಾಗ, ಅಲ್ಲಿನವರು ಅದರ ಮೇಲೆ ಟಾರ್ಪಾಲು ಹೊದಿಸಿ ಒಳಗೆ ಕ್ಲೋರಿನ್ ಬಿಟ್ಟು, 2006ರಲ್ಲಿ ಪೂರ್ತಿ ಹೋಯಿತೆಂದು ಘೋಷಿಸಿದರು.